ಬಾಯಿಗೆ ಅಡ್ಡ ಹಿಡಿದ ಸೆರಗು

"ಹತ್ತಿರ ಬರಬ್ಯಾಡ್ರಿ!"

ಇಗರ್ಜಿಯಲ್ಲಿ ಮದುವೆಯಾದ ಮರುದಿನ ಬೆಳಿಗ್ಗೆ ಮಾಗ್ದಲೀನಾ ಗಂಡ ಪೆದ್ರುವಿಗೆ ಆಡಿದ ಮೊದಲ ಮಾತೇ ಇದು! ಒಲೆ ಊದಲು ಅವಳಿಗಾಗುತ್ತಿರಲಿಲ್ಲ. ಹುಟ್ಟಿನಿಂದಲೇ ಮೇಲ್ತುಟಿ ಸೀಳಿತ್ತು, ಅಂಗುಳಿನಲ್ಲೂ ಸೀಳು. ಊದಿದ ಗಾಳಿಯೆಲ್ಲ ಮೂಗಿನಿಂದ ಹೋಗುತ್ತಿತ್ತು. ಹೊಗೆ ಕಂಡು ಪೆದ್ರು ನೆರವಿಗೆ ಬಗ್ಗಿದ್ದ. ಅವನ ಮುಖ ಸಮೀಪ ಬಂದದ್ದೇ ತಡ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒತ್ತಿ ನಿಂತಳು.

ಅವ್ವ ಹೇಳಿ ಕಳಿಸಿದ್ದಳು: "ಬಾಯಾಗ ಲವಂಗ ಇಟ್ಕೋ. ವಾಸನಿ ಗೊತ್ತಾದ್ರ ಯಾವ ಗಂಡಸೂ ಬಾಳ್ವಿ ಮಾಡೂದಿಲ್ಲ."

ಪೆದ್ರು, ಪಾಪ, ಬೇರೆಯೇ ತಿಳಿದ. ಅದು ಎರಡನೆಯ ಮಹಾಯುದ್ಧದ ಕಾಲ, ಸೈನ್ಯಕ್ಕೆ ಮರ ಬೇಕಿತ್ತು. ದಾಂಡೇಲಿ ಕಾಡಿನಲ್ಲಿ ದಿನವಿಡೀ ಸಾಗವಾನಿ ಕೊಯ್ಯುವ ಮೈ ಅವನದು. 'ನನ್ನ ಬೆವರಿನ ನಾತಕ್ಕ ಮುಖ ಮುಚ್ಕೋತಾಳ...'

ಅಂದಿನಿಂದ ಕಾಳಿ ಹೊಳೆಯಲ್ಲಿ ಮಿಂದೇ ಮನೆಗೆ ಬರತೊಡಗಿದ. ಆದರೂ ಸೆರಗು ಸರಿಯಲಿಲ್ಲ. ಅವನು ಜಗಲಿಯಲ್ಲಿ ಮಲಗತೊಡಗಿದ. ಒಳಗೆ ಅವಳು, 'ಗೊತ್ತಾಗಿಬಿಟ್ಟಿತು' ಎಂದು ಅತ್ತಳು. ಅಯ್ಯೋ, ಇಬ್ಬರಲ್ಲಿ ಒಬ್ಬರಾದರೂ ಕೇಳಬಾರದಿತ್ತೇ!

ಮಳೆಗಾಲ ಮುಗಿಯುವ ಹೊತ್ತಿಗೆ ಪೆದ್ರು ಸೋತುಹೋದ.

"ಗಂಟು ಕಟ್ಕೋ. ಹಳಿಯಾಳಕ್ಕ, ನಿಮ್ಮವ್ವನ ಮನಿಗೆ ಬಿಟ್ಟು ಬರ್ತೇನಿ."

ಅವಳ ಎದೆ ಒಡೆಯಿತು. ಗಂಟು ಕಟ್ಟಿಕೊಂಡು ಅವನ ಹಿಂದೆ ಹೊರಟಳು.

ದಾರಿಯಲ್ಲಿ ಹಳ್ಳದ ದಂಡೆಯಲ್ಲಿ ರೊಟ್ಟಿ ಬಿಚ್ಚಿದಾಗ, ಎಂದಿನಂತೆ ತನ್ನ ಪಾಲು ಹಿಡಿದು ಮರದ ಹಿಂದೆ ಹೋದಳು. ಕುಡಿದ ನೀರು ಮೂಗಿಗೇರಿ ಉಸಿರು ಕಟ್ಟಿತು... ಪೆದ್ರು ಓಡಿಬಂದು ಬೆನ್ನು ತಟ್ಟಿದ. ಸೆರಗು ಜಾರಿತ್ತು.

"ಬ್ಯಾಡ್ರಿ... ನನ್ನ ಬಾಯಿ ನಾರ್ತೈತಿ!"

ಅವನ ಕೈ ನಿಂತಿತು. "ಅದಕ್ಕ ಮುಖ ಮುಚ್ಕೋತಿದ್ದೇನು? ನಾ ಬ್ಯಾಡಂತ ಅಲ್ಲೇನು?"

"ನಿಮ್ಮನ್ನ ಹೆಂಗ ಬ್ಯಾಡ ಅನ್ನಲಿ! ತಿಂದದ್ದು ಆ ಸೀಳಿನಾಗ ಸಿಕ್ಕೊಂಡು ಕೊಳೀತೈತಿ. ಎಷ್ಟ್ ತೊಳದ್ರೂ..." ಬಿಕ್ಕುತ್ತ ಕೇಳಿದಳು, "ಖರೇ ಹೇಳ್ರಿ. ನಾರ್ತೈತೋ ಇಲ್ಲೋ?"

ಗೆಳತಿಯರೆಲ್ಲ 'ಇಲ್ಲ' ಎನ್ನುತ್ತಲೇ ಮುಖ ತಿರುವುತ್ತಿದ್ದವರು. ಪೆದ್ರು ತಿರುವಲಿಲ್ಲ.

"ನಾರ್ತೈತಿ," ಎಂದ.

ಅವಳು ಕಣ್ಣು ಮುಚ್ಚಿದಳು. ಮುಗಿಯಿತು... ಆದರೆ ಅವನ ಉಸಿರು ಇನ್ನೂ ಅಲ್ಲೇ, ಅವಳ ಕೆನ್ನೆಗೆ ತಾಗುತ್ತಲೇ ಇತ್ತು.

"ಹಂಗಾರ... ಹಳಿಯಾಳಕ್ಕ ಬಿಟ್ಟು ಬರ್ರಿ."

"ಅಲ್ಲಿಗ್ಯಾಕ? ನಮ್ಮನಿಗೆ ಹೋಗೂಣು."

"ಈ ನಾತ ಹೋಗೂದಿಲ್ರಿ... ಸಾಯೂತನಕ ಇರ್ತೈತಿ."

"ಇರಲಿ ಬಿಡು," ಎಂದ ಪೆದ್ರು, ಅವಳ ಕಣ್ಣೊರೆಸುತ್ತ. "ಸಾಯೂತನಕ ನೀನೂ ಇರ್ತಿ ಅಲ್ಲ?"