ಉಮುಅಗಾಲದ ಸರದಿ

“ಕೋಲಾಕಾಯಿ ತಟ್ಟೆ ಮೊದ್ಲು ಉಮುಅಗಾಲಕ್ಕೆ ತೋರಿಸ್ಬೇಕು, ಮಗಾ. ಹಿರೀ ಹಳ್ಳಿ ಅದು. ದಾಟಿಸ್ಬೇಡ,” ಎಂದು ಚಿಕ್ಕಪ್ಪ ಎಜಿಕೆ ಸಭಾಂಗಣದ ಬಾಗಿಲಲ್ಲೇ ತೋಳು ಹಿಡಿದು ಹೇಳಿದರು.

ಉಝೊಮಾ ನಕ್ಕ. ಲಾಗೋಸಿನಲ್ಲಿ ಸಿಮೆಂಟು ಮಾರಿ ಬೆಳೆದು, ಈಗಷ್ಟೇ ಊರಿಗೆ ಮರಳಿದವನ ನಗು ಅದು. “ಉಮುಅಗಾಲದಲ್ಲಿ ಇರೋದು ಒಬ್ಬ ಮುದುಕ, ಎರಡು ಮೇಕೆ. ತಟ್ಟೆ ಯಾವ ಮೇಕೆ ಮುಂದೆ ಹಿಡೀಲಿ, ಚಿಕ್ಕಪ್ಪಾ?”

“ಹಿಂದೆ ಒಬ್ಬ ದಾಟಿಸಿದ್ದ.”

“ಸತ್ನಾ?”

“ಸತ್ತಿದ್ರೆ ಹೂಳ್ತಿದ್ವಿ.”

ಎಬೆನೂಲು ಊರಿನ ಹಳ್ಳಿಗಳೆಲ್ಲ ಒಪ್ಪಿದರೆ ಉಝೊಮಾ ಅಂದೇ ಊರನ್ನಾಳುವ ಇಗ್ವೆಯಾಗುತ್ತಿದ್ದ. ಸತ್ತ ಅರಸನ ಪೀಠ ಖಾಲಿಯಿತ್ತು. ಹೊರಗೆ ಮರುಭೂಮಿಯ ಧೂಳುಗಾಳಿ ಬೀಸಿ ನಡುಹಗಲನ್ನೇ ಮಬ್ಬಾಗಿಸಿತ್ತು; ಒಳಗೆ ತಾಳೆಹೆಂಡದ ಹುಳಿ, ನಶ್ಯದ ಘಾಟು, ಕೆಂಪು ಟೋಪಿಗಳ ಅಡಿಯ ಬೆವರು. ಹಿರಿಯರು ಹಳ್ಳಿವಾರು ಕುಳಿತಿದ್ದರು. ಮೊದಲ ಉದ್ದ ಬೆಂಚಿನಲ್ಲಿ ಮಾಝಿ ಅನ್ಯಾನ್ವು ಎಂಬ ಮುದುಕ ಒಬ್ಬನೇ. ಅವನ ತೊಡೆಯ ಮೇಲೆ ಉಮುಅಗಾಲದ ಹಿರಿತನದ ಗುರುತಾದ ಓಫೊ ಕೋಲು, ತಲೆಮಾರುಗಳ ಬಲಿಯ ರಕ್ತ ಹೀರಿ ಕಪ್ಪಾದದ್ದು.

ಉಝೊಮಾ ಸಭೆಗೆ ಮೊದಲು ಹಂಚುವ ಕೋಲಾಕಾಯಿಯ ತಟ್ಟೆಯನ್ನು ಅವನ ಮುಂದಿನಿಂದ ಹಾಗೇ ಒಯ್ದ. “ಜನ ಇದ್ದ ಕಡೆ ತಟ್ಟೆ ಬರುತ್ತೆ, ಅಜ್ಜಾ.”

ಹಿಂದೆ ಯಾರೋ ಕಿಸಕ್ಕೆಂದು, ಥಟ್ಟನೆ ಬಾಯಿ ಮುಚ್ಚಿಕೊಂಡರು. ಮುದುಕ ಕೋಲಿನಿಂದ ನೆಲವನ್ನೊಮ್ಮೆ ಮುಟ್ಟಿದ. ಒಣ ಸಿಪ್ಪೆ ಸೀಳಿದಷ್ಟೇ ಸಪ್ಪಳ.

ಕಾಯಿ ಒಡೆದರು. ಹೋಳುಗಳು ಕೈಯಿಂದ ಕೈಗೆ ಬಂದವು. ಉಝೊಮಾ ಕೈಚಾಚಿದ, ತಟ್ಟೆ ಅದರ ಮೇಲಿಂದಲೇ ದಾಟಿ ಪಕ್ಕದವನಿಗೆ ಹೋಯಿತು.

“ಏನಪ್ಪಾ, ನಂಗೆ ಕೊಡೋದಿಲ್ವಾ?”

ಪಕ್ಕದವನು ಅಗಿಯುತ್ತಲೇ ಇದ್ದ.

“ಪೀಠ ಬೇಕು ಅಂತ ಕುಣಿದೋನು ಎಲ್ಲಿ?” ಎಂದನೊಬ್ಬ ಹಿರಿಯ. “ನಮ್ಮನ್ನ ಕರೆಸಿ ತಾನೇ ಎದ್ದು ಹೋದ್ನಲ್ಲ.”

“ಇಲ್ಲೇ ಇದ್ದ,” ಎಂದರು ಎಜಿಕೆ. ಅವರ ದೃಷ್ಟಿ ಉಝೊಮಾನ ಎದೆಯನ್ನು ತೂರಿ ಗೋಡೆಗೆ ತಾಗಿತು. ಆಮೇಲೆ ಮೆಲ್ಲನೆ ಉಮುಅಗಾಲದ ಬೆಂಚಿನತ್ತ ತಿರುಗಿತು.

ಉಝೊಮಾ ಮನೆಗೆ ಓಡಿದ. ಹೆಂಡತಿ ಒಲುಚಿ ಗೆಣಸು ಕುಟ್ಟುತ್ತಿದ್ದಳು. ಕೂಗಿದ. ಒನಕೆಯ ಲಯ ತಪ್ಪಲಿಲ್ಲ. ಮಣಿಕಟ್ಟು ಹಿಡಿದ. ಇರುವೆ ಹರಿದಂತೆ ಒರೆಸಿಕೊಂಡಳು. ಮಗಳು ಇಜೆ ಅವನ ನೆರಳು ಬೀಳಬೇಕಿದ್ದ ಖಾಲಿ ಜಾಗವನ್ನು ತುಳಿದುಕೊಂಡೇ ಆಡಿದಳು.

ಅವನಿಗೆ ಹೋಗಲು ಒಂದೇ ಕಡೆ ಉಳಿದಿತ್ತು.

ಉಮುಅಗಾಲದ ಅಂಗಳದಲ್ಲಿ ಕುಸಿದ ಗೋಡೆಗಳು. ಗುಡಿಸಿಲಿನೊಳಗೆ ಹಗಲಲ್ಲೂ ಕವಿದ ಕತ್ತಲೆ, ಹಸಿಮಣ್ಣಿನ ವಾಸನೆ. ಮುದುಕ ಸೀದಾ ಅವನನ್ನೇ ನೋಡಿದ.

“ಬಂದ್ಯಾ? ಕೂತ್ಕೋ.”

“ತಪ್ಪಾಯ್ತು ಅಜ್ಜಾ. ಪೀಠ ಬೇಡ. ಹೆಂಡ್ತಿ ಕಣ್ಣಿಗೆ ಕಂಡ್ರೆ ಸಾಕು.”

“ತಟ್ಟೆ ದಾಟಿಸಿ ನಾನೂ ಹಿಂಗೇ ಅತ್ತಿದ್ದೆ. ನಾನೇನು ಈ ಹಳ್ಳೀಲಿ ಹುಟ್ಟಿದೋನಲ್ಲ.” ಮುದುಕ ಕೋಲು ಚಾಚಿದ. “ಹಿಡ್ಕೊಂಡ್ರೆ ಕಾಣ್ತೀಯ. ಹೆಂಗೆ ಕಾಣ್ತೀಯ ಅನ್ನೋದು ನನ್ ಕೈಲಿಲ್ಲ.”

ಉಝೊಮಾ ಹಿಂಜರಿದ. ಆಗ ದಾರಿಯಲ್ಲಿ ಒಲುಚಿಯ ದನಿ. “ಇಜೆ ಅಪ್ಪಾ...” ಹತ್ತಿರ. ಇನ್ನೂ ಹತ್ತಿರ. ದಾಟಿ ಹೋಗುತ್ತಿದ್ದಾಳೆ.

ಹಿಡಿದ.

ಕೋಲು ಬೆಚ್ಚಗಿತ್ತು. ಬೆರಳ ಗಂಟುಗಳು ಊದಿದವು. ಬೆನ್ನು ಬಾಗಿತು. ಹಲ್ಲು ಸಡಿಲವಾದವು. ಎದುರಿನ ಮುದುಕ ನಿಟ್ಟುಸಿರಿಟ್ಟ. ಉಟ್ಟ ಬಟ್ಟೆ ಮಾತ್ರ ನೆಲಕ್ಕೆ ಕುಸಿಯಿತು.

ಒಲುಚಿ ಬಾಗಿಲಲ್ಲಿ ನಿಂತಿದ್ದಳು. ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಅವನ ಎದೆ ಉಕ್ಕಿತು.

ಅವಳು ಮಂಡಿಯೂರಿದಳು. “ಮಾಝಿ, ನನ್ ಗಂಡ ಈ ಕಡೆ ಬಂದ್ರಾ?”

“ನಾನೇ ಕಣೇ, ಒಲು.”

ಅವಳು ಹಿಂದೆ ಸರಿದಳು. ಮುಖದಲ್ಲಿ ಮರುಕ. “ಒಬ್ಬರೇ ಇದ್ದೂ ಇದ್ದೂ ಹಿಂಗಾಗಿದೀರಿ. ಸಂಜೆ ಸ್ವಲ್ಪ ಸಾರು ಕಳಿಸ್ತೀನಿ, ಅಜ್ಜಾ.”

ಸೊಂಟದ ಬಟ್ಟೆ ಬಿಗಿದುಕೊಂಡು ಹೊರಟಳು. ಧೂಳಿನಲ್ಲಿ ಅವಳ ಕೂಗು ಮನೆಯಿಂದ ಮನೆಗೆ ದೂರವಾಗುತ್ತ ಹೋಯಿತು. “ಇಜೆ ಅಪ್ಪಾ... ಇಜೆ ಅಪ್ಪಾ...”

ಪ್ರತಿ ಕೂಗಿಗೂ ಅವನು ಓಗೊಟ್ಟ.