ಯಶವಂತರ ನೀಲಿ ಕಾರು

ಸುಲೋಚನಮ್ಮ ಒಳಗೆ ಬಂದವರು ಕೂರಲೇ ಇಲ್ಲ. ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ನೀಲಾಂಬಿಕೆ ಅಕ್ಕನ ಮೇಜಿನ ಮೇಲೆ ಸುರಿದರು. ಸುತ್ತಲೂ ಮೊಳೆ ಹೊಡೆದ ಒಂದು ಲಿಂಬೆಹಣ್ಣು, ಪೇಪರಿನಿಂದ ಕತ್ತರಿಸಿ ಕುಂಕುಮ ಮೆತ್ತಿದ ಒಬ್ಬ ಹುಡುಗಿಯ ಫೋಟೊ, ಒಂದು ಚೀಟಿ. ಚೀಟಿಯನ್ನು ನಾನೇ ಓದಿದೆ.

"ಈ ಕಾರು ರಸ್ತೆಗೆ ಇಳಿದರೆ ಹೆಣ ಬೀಳುತ್ತದೆ."

ಅಲ್ಲಿಗೆ ನನ್ನ ಬೆಳಗಿನ ಕಾಫಿ ಮುಗಿಯಿತು. ಲೋಟ ಪಕ್ಕಕ್ಕಿಟ್ಟೆ.

"ಫೋಟೊದಲ್ಲಿರೋದು ನನ್ನ ಮಗಳು ಚೈತ್ರ. ಭಾನುವಾರ ಕೊಪ್ಪದಿಂದ ಶೃಂಗೇರಿಗೆ ಹಳೇ ಕಾರುಗಳ ಮೆರವಣಿಗೆ ಉಂಟಲ್ಲ, ಅದರಲ್ಲಿ ಅವಳ ಅಪ್ಪ ಯಶವಂತರ ಕಾರು ಓಡಿಸ್ತೀನಿ ಅಂತ ಹಟ ಹಿಡಿದಿದಾಳೆ. ಇದು ಇವತ್ತು ಡ್ರೈವರ್ ಸೀಟಿನ ಮೇಲಿತ್ತು. ಬೇಡ ಅಂದ್ರೆ ಕೇಳಲ್ಲ. ನಂಗೆ ಇರೋದು ಅವಳೊಬ್ಬಳೇ ಮೇಡಂ, ಉಳಿಸ್ಕೊಡಿ."

ಶೃಂಗೇರಿ ಬಸ್ ನಿಲ್ದಾಣದ ಹಿಂದಿನ ಈ ಮನೆಗೆ ಜನ ಪೊಲೀಸರಿಗಿಂತ ಮೊದಲು ಬರುವುದು ಹೊಸದಲ್ಲ. ಅಕ್ಕ ಇಪ್ಪತ್ತೆಂಟು ವರ್ಷ ವಾಹನ ವಿಮೆಯ ಸರ್ವೇಯರ್ ಆಗಿದ್ದವಳು. ನಜ್ಜುಗುಜ್ಜಾದ ಗಾಡಿ ನೋಡಿ ಯಾರು ಸುಳ್ಳು ಹೇಳುತ್ತಿದ್ದಾರೆಂದು ಹೇಳುವುದೇ ಅವಳ ಕೆಲಸವಾಗಿತ್ತು. ನಾನು ಕಲ್ಲೇಶ, ಅದೇ ರಸ್ತೆಗಳಲ್ಲಿ ಖಾಸಗಿ ಬಸ್ಸು ಓಡಿಸಿ ನಿವೃತ್ತನಾದವನು. ಈಗ ಅಕ್ಕನ ಸಣ್ಣ ಕಾರು ಓಡಿಸುತ್ತೇನೆ. ಬಸ್ಸು ಓಡಿಸುವಾಗ ಗೊತ್ತಿಲ್ಲದಿದ್ದ ಹೆದರಿಕೆಯನ್ನು ಈ ಕೆಲಸದಲ್ಲಿ ಚೆನ್ನಾಗಿ ಕಲಿತೆ.

"ಮೊದಲೂ ಏನಾದ್ರೂ ಆಗಿತ್ತಾ?" ಅಕ್ಕ ಕೇಳಿದಳು.

"ಹದಿನೈದು ದಿನದ ಹಿಂದೆ ಇಂಜಿನ್ನಿನ ವಯರೆಲ್ಲ ಕತ್ತರಿಸಿದ್ರು. ಹೋದ ವಾರ ನಾಲ್ಕೂ ಟೈರು ಕೊಯ್ದ್ರು. ಬೀಗ ಮಾತ್ರ ಹಾಕಿದ ಹಾಗೇ ಇತ್ತು. ಕೀ ಇರೋದು ಮೂರೇ. ಒಂದು ನಮ್ಮ ಮನೇಲಿ. ಒಂದು ನನ್ನ ಅಣ್ಣನ ಮಗ ರಾಕೇಶನ ಹತ್ರ. ಇನ್ನೊಂದು ಆ ಕಾರು ಮಾಡಿಕೊಟ್ಟ ರೇಣುಕಪ್ಪನ ಹತ್ರ. ಎನ್.ಆರ್. ಪುರದಿಂದ ತಿಂಗಳಿಗೊಮ್ಮೆ ಬಂದು ಒರೆಸಿ, ಪಾಲಿಶ್ ಮಾಡಿ ಹೋಗ್ತಾನೆ."

ಆ ಶುಕ್ರವಾರ ಮಧ್ಯಾಹ್ನವೇ ನಾವು ಕೊಪ್ಪದಲ್ಲಿದ್ದೆವು. ಕಾರು ಇದ್ದದ್ದು ಅವರ ನಿಂತುಹೋದ ಅಕ್ಕಿ ಗಿರಣಿಯೊಳಗೆ. ಹೊದಿಕೆ ಸರಿಸಿದಾಗ ನಾನು ಬಾಯಿ ತೆರೆದುಕೊಂಡು ನಿಂತೆ. ಅರವತ್ತು ವರ್ಷದ ಹಿಂದಿನ ಕಾರು. ಮೇಲ್ಛಾವಣಿಯನ್ನು ಪೂರ್ತಿ ಕತ್ತರಿಸಿ ತೆಗೆದು ಬಯಲು ಮಾಡಿದ್ದರು. ನವಿಲಿನ ಕತ್ತಿನ ನೀಲಿ, ಕೆಂಪು ಸೀಟು, ಹಿಂದೆ ಮೀನಿನ ರೆಕ್ಕೆಯಂಥ ಎರಡು ಅಂಚು. ಆದರೆ ಚಕ್ರ ನೆಲಕ್ಕೆ ತಾಗಿರಲಿಲ್ಲ. ಇಡೀ ಕಾರು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಂತಿತ್ತು. ನಾನು ಬಾನೆಟ್ ಮೇಲೆ ಕೈಯಿಡಲು ಹೋದೆ.

"ಕೈ ತೆಗೀರಿ!" ಎಂದು ಕಿರುಚಿದವನು ರಾಕೇಶ. "ಬೆರಳಿನ ಬೆವರಿಗೂ ಪೇಂಟ್ ಹಾಳಾಗುತ್ತೆ. ಇವಳು ನೋಡಿದ್ರೆ ಇದನ್ನ ಹೊಂಡ ಬಿದ್ದ ರೋಡಿಗೆ ಇಳಿಸ್ತಾಳಂತೆ. ನೋಡೋಕೆ ಅಂತಲೇ ಮಾಡಿದ್ದು ಇದನ್ನ. ನೋಡಿದ್ರೆ ಸಾಲದಾ?"

"ಓಡದಿದ್ರೆ ಅದೆಂತ ಕಾರು?" ಎಂದಳು ಚೈತ್ರ. ಬಾಳಗಡಿಯ ಕಾಲೇಜಿನಲ್ಲಿ ಪಾಠ ಹೇಳುವ ಗಟ್ಟಿ ದನಿ. "ಅಪ್ಪ ಐದು ವರ್ಷ ಇದನ್ನ ಬರೀ ಒರೆಸಿದ್ರು. ಒಂದು ದಿನ ಅಮ್ಮನ್ನ ಕೂರಿಸ್ಕೊಂಡು ಹೋಗ್ತೀನಿ ಅಂತಿದ್ರು, ಹೋಗೋಕೆ ಮುಂಚೆ ಅವರೇ ಹೋದ್ರು. ನಾನು ಹಂಗೆ ಕಾಯಲ್ಲ."

ರೇಣುಕಪ್ಪ ಮೂಲೆಯಲ್ಲಿ ನಿಂತು ಹೆಗಲ ಮೇಲಿನ ಟವೆಲ್ಲಿನಿಂದ ಬಂಪರ್ ಒರೆಸುತ್ತಿದ್ದ. ಹಿಂದಿನ ದಿನ ಹೊಸ ಟೈರು ಹಾಕಿದವನೂ ಅವನೇ. "ನಿಮ್ಮ ಕೈಗೆ ಚಿನ್ನದ ಬಳೆ ತೊಡಿಸಬೇಕು ಮಾರಾಯ್ರೆ" ಎಂದೆ. ಅವನು ತಲೆ ತಗ್ಗಿಸಿದ. ಎಂಥ ವಿನಯ ಅಂದುಕೊಂಡೆ ನಾನು.

ಅಕ್ಕ ಸೀರೆಯ ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಮಲಗಿ, ಟಾರ್ಚ್ ಹಿಡಿದು ಕಾರಿನಡಿ ನೋಡಿದಳು. ಸ್ಟ್ಯಾಂಡುಗಳು ಚಕ್ರದ ಹತ್ತಿರ ಇರಲಿಲ್ಲ. ಎರಡೂ ಕಡೆ ಬಾಗಿಲಿನ ಕೆಳಗೆ, ನಟ್ಟನಡುವೆ ಇದ್ದವು. ಎದ್ದವಳು ಮುಂದಿನ ಗಾಜಿನ ಬುಡದಲ್ಲಿ, ಬಾಗಿಲಿನ ಮೂಲೆಯಲ್ಲಿ, ಪೇಂಟಿನ ಮೇಲೆ ಬೆರಳಾಡಿಸಿದಳು. ಅಲ್ಲಿ ಕೂದಲೆಳೆಯಷ್ಟು ತೆಳುವಾದ ಒಂದು ಗೆರೆ ಬೇರೆಡೆಗಿಂತ ಹೊಸದಾಗಿ ಹೊಳೆಯುತ್ತಿತ್ತು.

"ಟೈರು ಕೊಯ್ದಿದ್ದು ನೋಡಿದಾಗ ಕಾರು ನೆಲಕ್ಕೆ ಕುಸಿದಿತ್ತಾ?"

"ಇಲ್ಲ, ಸ್ಟ್ಯಾಂಡಿನ ಮೇಲಿತ್ತು," ಎಂದ ಚೈತ್ರ ಹುಬ್ಬು ಗಂಟಿಕ್ಕಿದಳು. "ಆದ್ರೆ ಹಿಂದಿನ ಸಂಜೆ ನಾನೇ ಜಾಕ್ ಹಾಕಿ ಸ್ಟ್ಯಾಂಡ್ ತೆಗೆದಿದ್ದೆ!"

ಬೀಗ ಹಾಕಿದ ಕತ್ತಲೆಯೊಳಗೆ ಯಾರೋ ಬಂದು, ಕಾರನ್ನು ಮೆಲ್ಲಗೆ ಎತ್ತಿ ಕೂರಿಸಿ, ಆಮೇಲೆ ಚಾಕು ಹಾಕಿದ್ದ. ಇಷ್ಟು ನಿಧಾನವಾಗಿ ಕೆಡುಕು ಮಾಡುವವನನ್ನು ಕಂಡರೆ ನನಗೆ ಹೆಚ್ಚು ಭಯ. ಅಕ್ಕ ಮಾತ್ರ ಕಾರು ಲಾರಿಯ ಮೇಲೆ ಪ್ರದರ್ಶನಗಳಿಗೆ ಹೋಗಿದ್ದಾಗಿನ ಫೋಟೊಗಳ ಆಲ್ಬಮ್ ಕೇಳಿ ಪಡೆದು, "ನಾಳೆ ಬೆಳಿಗ್ಗೆ ಎಲ್ಲರೂ ಇಲ್ಲೇ ಇರಿ" ಎಂದಳು.

ಶನಿವಾರ ಎಲ್ಲರೂ ಬಂದರು. ಗಿರಣಿಯ ಕಾವಲಿನ ಕುಮಾರ ಜಾಕ್ ಹಿಡಿದು ನಿಂತಿದ್ದ.

"ಕಲ್ಲೇಶ, ಹತ್ತಿ ಕೂತ್ಕೋ. ರಾಕೇಶ, ನೀವೂ," ಎಂದಳು ಅಕ್ಕ.

ನನ್ನ ತೂಕ ತೊಂಬತ್ತು ಕಿಲೊ. ಮೊಳೆ ಹೊಡೆದ ಲಿಂಬೆಹಣ್ಣು ಇದ್ದ ಸೀಟಿನಲ್ಲೇ ನನ್ನನ್ನು ಕೂರಿಸಿದಳು, ಪುಣ್ಯಾತ್ಗಿತ್ತಿ. ಬಾಗಿಲು ಹಾಕಿ, ಅದರ ಸಂದಿಯಲ್ಲಿ ಮೇಲಿನಿಂದ ಒಂದು ಪೋಸ್ಟ್ ಕಾರ್ಡ್ ಇಳಿಬಿಟ್ಟಳು. ಅದು ಸಲೀಸಾಗಿ ಆಚೀಚೆ ಆಡಿತು.

"ಈಗ ಸ್ಟ್ಯಾಂಡ್ ತೆಗಿ ಕುಮಾರ."

"ಬೇಡ ಮೇಡಂ!" ರೇಣುಕಪ್ಪನ ಕೂಗು ತಗಡಿನ ಮಾಡಿಗೆ ಬಡಿಯಿತು. "ಅವರನ್ನ ಮೊದ್ಲು ಇಳಿಸಿ!"

ಅಷ್ಟರಲ್ಲಿ ಕಾರು ಚಕ್ರದ ಮೇಲೆ ಕೂತಿತ್ತು. ನನ್ನ ಕಾಲ ಕೆಳಗೆಲ್ಲೋ 'ಕಟ್' ಎಂದಿತು. ಬಾಗಿಲು ತೆಗೆಯಲು ಹೋದೆ, ಬರಲಿಲ್ಲ. ಹೆಗಲು ಕೊಟ್ಟು ದೂಡಿದೆ, ಕದಲಲಿಲ್ಲ. ಪೋಸ್ಟ್ ಕಾರ್ಡ್ ಸಂದಿಯಲ್ಲಿ ಕಚ್ಚಿಕೊಂಡು ಹರಿಯಿತು. ಗಾಜಿನ ಬುಡದ ಆ ಹೊಸ ಪೇಂಟಿನ ಗೆರೆ ನನ್ನ ಕಣ್ಣೆದುರೇ ಬಿರಿಯಿತು. ಮೇಲೆ ಛಾವಣಿ ಇಲ್ಲದ್ದಕ್ಕೆ ದೇವರನ್ನು ನೆನೆದು, ಬಾಗಿಲು ಹಾರಿ ಆಚೆ ಬಿದ್ದೆ. ಆ ಕಡೆಯಿಂದ ರಾಕೇಶನೂ ಹಾರಿದ.

"ಹೆದರಿಸಿದವರು ರೇಣುಕಪ್ಪ," ಎಂದಳು ಅಕ್ಕ. ಸುಲೋಚನಮ್ಮ ಮಗಳ ಕೈ ಹಿಡಿದುಕೊಂಡರು.

"ವಯರು, ಟೈರು, ಚೀಟಿ ಮೂರನ್ನೂ ಒಟ್ಟಿಗೆ ನೋಡಿ. ಕೊಲ್ಲೋ ಮನಸ್ಸಿದ್ದವನು ಬ್ರೇಕಿಗೆ ಕೈ ಹಾಕ್ತಾನೆ, ಸ್ಟೇರಿಂಗಿಗೆ ಹಾಕ್ತಾನೆ. ಇವನು ಕಾರು ಹೊರಡದ ಹಾಗೆ ಮಾತ್ರ ಮಾಡಿದ. ಹಾಗಾದ್ರೆ ಅವನಿಗಿದ್ದಿದ್ದು ಓಡಿದ್ರೆ ಏನಾಗುತ್ತೋ ಅನ್ನೋ ಹೆದರಿಕೆ. ಕಾರು ಓಡಬಾರದು ಅಂತ ರಾಕೇಶನೂ ಹೇಳ್ತಿದ್ರು, ಅವರ ಹತ್ರ ಕೀನೂ ಇತ್ತು. ಆದ್ರೆ ಬೆರಳಿನ ಬೆವರಿಗೆ ಕಿರುಚೋ ಮನುಷ್ಯ ಅದೇ ಕಾರಿನ ಟೈರು ಕೊಯ್ಯಲ್ಲ. ಕೊಯ್ದವನು ಅದಕ್ಕೆ ಮುಂಚೆ ಸ್ಟ್ಯಾಂಡ್ ಇಟ್ಟ, ಅದೂ ನಟ್ಟನಡುವೆ. ಯಾಕೆ? ಲಾರಿಗಾದ್ರೆ ಅಡಿಯಲ್ಲಿ ಚಾಸಿ ಅಂತ ಬೇರೆ ಕಬ್ಬಿಣದ ಚೌಕಟ್ಟು ಇರುತ್ತೆ. ಈ ಕಾರಿಗೆ ಅದಿಲ್ಲ, ಬಾಡಿಯೇ ಬೆನ್ನುಮೂಳೆ. ಛಾವಣಿ ಕತ್ತರಿಸಿದ ಮೇಲೆ ಕೆಳಗೆ ದಪ್ಪ ಕಬ್ಬಿಣ ಕೊಟ್ಟು ಬೆಸೆಯಬೇಕಿತ್ತು. ನಾನು ಹುಡುಕಿದೆ, ಎಲ್ಲೂ ಇಲ್ಲ. ಅದಕ್ಕೇ ಜಗ್ಗದ ಹಾಗೆ ನಡುವೆ ಆಸರೆ ಬೇಕಿತ್ತು. ಆಲ್ಬಮ್ಮಿನಲ್ಲೂ ಹಾಗೇ. ಏಳು ಪ್ರದರ್ಶನ, ಏಳರಲ್ಲೂ ಸ್ಟ್ಯಾಂಡು. ಒಂದರಲ್ಲೂ ಒಳಗೆ ಮನುಷ್ಯರಿಲ್ಲ. ಚೈತ್ರ ಸ್ಟ್ಯಾಂಡ್ ತೆಗೆದ ಸಂಜೆ ಕಾರು ನಡುವೆ ಜಗ್ಗಿ ಪೇಂಟ್ ಬಿರಿಯಿತು. ಆ ಬಿರುಕಿಗೆ ಅದೇ ನೀಲಿ ಕಲಸಿ ಹಚ್ಚೋಕೆ ಬರೋದು, ಮೊದಲು ಕಲಸಿದ್ದವನಿಗೆ ಮಾತ್ರ."

ಚೈತ್ರ ಕಾರಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. "ನಾಳೆ ನಾನು ಅಮ್ಮನ್ನ ಕೂರಿಸ್ಕೊಂಡು ತಿರುವಿನಲ್ಲಿ ಹೋಗಿದ್ರೆ..."

"ಒಂದು ದೊಡ್ಡ ಹೊಂಡ ಸಾಕಿತ್ತು. ನಡುವಿಗೆ ಮುರೀತಿತ್ತು," ಎಂದಳು ಅಕ್ಕ.

ರೇಣುಕಪ್ಪ ನೆಲದ ಮೇಲೆ ಕುಕ್ಕರಿಸಿದ್ದ. ಚೈತ್ರ ಅವನೆದುರು ಹೋಗಿ ನಿಂತಳು.

"ಒಂದು ಮಾತು ಹೇಳಿದ್ರೆ ನಾನೇ ನಿಲ್ಲಿಸ್ತಿದ್ದೆ. ಲಿಂಬೆಹಣ್ಣಿಗೆ ಮೊಳೆ ಹೊಡೆಯೋ ಬದಲು ಬಾಯಿ ಬಿಡೋಕೆ ಎಂತ ಕಷ್ಟ ಇತ್ತು ನಿಮ್ಗೆ?"

"ಹೇಳೋಕಂತಲೇ ಮೂರು ಸಲ ಬಂದಿದ್ದೆ ತಾಯಿ. ಯಜಮಾನ್ರು ಇದ್ದಾಗ ಒಂದ್ಸಲ, ನಿಮ್ಮ ಹತ್ರ ಎರಡ್ಸಲ. ಬಂದ ಕೂಡ್ಲೇ ಕಾಫಿ ಕೊಟ್ಟು, ಬಂದವರಿಗೆಲ್ಲ 'ಇಂಥ ಕೈ ಜಿಲ್ಲೆಯಲ್ಲೇ ಇಲ್ಲ' ಅಂತ ತೋರಿಸ್ತಿದ್ರಿ. ಮೊದಲ ಬಹುಮಾನ ಅಂತ ಶಾಲು ಹೊದಿಸಿದ್ರು. ಆಮೇಲೆ ಹೆಂಗೆ ಹೇಳ್ಲಿ?"

ನನಗೆ ಅವನ ಮೇಲೆ ಸಿಟ್ಟು ಉಕ್ಕಿತು. ಚಿನ್ನದ ಬಳೆಯ ಮಾತಾಡಿದ ನನ್ನ ಮೇಲೂ ಸ್ವಲ್ಪ ಬಂತು. ಪೊಲೀಸರಿಗೆ ಹೇಳೋಣವೇ ಎಂದು ಅಕ್ಕ ಕೇಳಿದಾಗ ಸುಲೋಚನಮ್ಮ ಮಗಳ ಮುಖ ನೋಡಿದರು.

"ಬೇಡ," ಎಂದಳು ಚೈತ್ರ. "ಕಾರು ತಗೊಂಡು ಹೋಗಿ, ಅಡಿಯಲ್ಲಿ ಕಬ್ಬಿಣ ಕೊಟ್ಟು ಸರಿ ಮಾಡ್ಲಿ. ನೀಲಾಂಬಿಕೆ ಮೇಡಂ ನೋಡಿ ಒಪ್ಪಬೇಕು. ವಾಪಸ್ ಲಾರಿ ಮೇಲೆ ತರೋ ಹಾಗಿಲ್ಲ. ಎನ್.ಆರ್. ಪುರದಿಂದ ಇಲ್ಲಿವರೆಗೆ ಇವರೇ ಓಡಿಸ್ಕೊಂಡು ಬರಬೇಕು. ಪಕ್ಕದ ಸೀಟಿನಲ್ಲಿ ಇವರ ಮಗಳು ಕೃತಿಕಾ ಕೂತಿರಬೇಕು."

ರೇಣುಕಪ್ಪ ಎದ್ದು ನಿಂತ. ಒಂದು ಸಲ ಕಾರಿನ ಕಡೆ, ಒಂದು ಸಲ ತನ್ನ ಕೈಗಳ ಕಡೆ ನೋಡಿದ.

"ಆರು ತಿಂಗಳು ಬೇಕು ತಾಯಿ," ಎಂದ ಕೊನೆಗೆ. "ಮಗಳನ್ನ ಕೂರಿಸ್ಬೇಕು ಅಂದ್ರೆ ಎಲ್ಲಾ ಬಿಚ್ಚಿ ಮೊದಲಿಂದ ಮಾಡ್ಬೇಕು."