ಮುಚ್ಚಿದ ಅಂಗಡಿಯ ಮುಂದಿನ ಚುಕ್ಕೆ

ಬಾಗಿಲು ತೆರೆದಾಗ ಅವಳ ತುಟಿಗಳ ನಡುವೆ ಗುಂಡುಸೂಜಿಗಳಿದ್ದವು. ಹೆಗಲ ಮೇಲೆ ಅಳತೆಯ ಟೇಪು ಜೋತಾಡುತ್ತಿತ್ತು. ಹೊರಗೆ ನಿಂತಿದ್ದ ಗಂಡಸನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಆದರೆ ಅವನ ಕೈಯಲ್ಲಿದ್ದ ಕನ್ನಡಕ... ಅದು ಅವಳ ಅಣ್ಣನದು!

"ನೀವು... ಸೂಜಿ ಅಲ್ವಾ?" ಎಂದ ಅವನು.

ಆ ಹೆಸರಿನಿಂದ ಅವಳನ್ನು ಕರೆಯುತ್ತಿದ್ದವನು ಲೋಕದಲ್ಲಿ ಒಬ್ಬನೇ. ಹೊಲಿಗೆ ಅವಳ ಕಸುಬು, ಚುಚ್ಚುಮಾತು ಅವಳ ಸ್ವಭಾವ. ಎರಡನ್ನೂ ಸೇರಿಸಿ ಅಣ್ಣ ಇಟ್ಟ ಹೆಸರು ಅದು.

ಅವಳು ಗುಂಡುಸೂಜಿಗಳನ್ನು ಅಂಗೈಗೆ ಉಗುಳಿಕೊಂಡು ಕೇಳಿದಳು. "ಹೌದು. ನೀವ್ಯಾರು? ಅಣ್ಣ ಎಲ್ಲಿ?"

"ನಾನು ಗಾಜಿನವನು. ನಿಮ್ಮಣ್ಣನ ಅಂಗಡಿಗೆ ಗಾಜು ಕತ್ತರಿಸಿ ಕೊಡೋನು. ಅವರಿಗೆ... ಸ್ವಲ್ಪ ತಲೆ ಸುತ್ತು ಬಂತು. ಆಸ್ಪತ್ರೆಯಲ್ಲಿದ್ದಾರೆ. ಬನ್ನಿ."

"ಅಂದ್ಕೊಂಡೆ! ಬೆಳಿಗ್ಗೆ ಒಂದು ತುತ್ತೂ ತಿನ್ನದೆ ಓಡಿದ. ಬರಲಿ ಮನೆಗೆ, ಮಂಚಕ್ಕೆ ಕಟ್ಟಿಹಾಕಿ ತಿನ್ನಿಸ್ತೀನಿ."

ಒಳಗಿದ್ದ ಅಮ್ಮನಿಗೂ ಅದನ್ನೇ ಕೂಗಿ ಹೇಳಿ, 'ಕರ್ಕೊಂಡು ಬರ್ತೀನಿ' ಎಂದು ಅವನ ಸ್ಕೂಟರಿನ ಹಿಂದೆ ಕುಳಿತಳು.

ಅಣ್ಣನದು ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿ. ರಾತ್ರಿ ಊಟಕ್ಕೆ ಕುಳಿತರೆ ಈ ಗಾಜಿನವನ ಮಾತಿಲ್ಲದೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ. ಆ ಸಲಿಗೆಯಿಂದಲೇ ಅವಳು ದಾರಿಯುದ್ದಕ್ಕೂ ಮಾತಾಡಿದಳು.

"ನೀವು ಬಾಯಿ ಬಿಡೋದು ಗಾಜು ಒಡೆದ ಹಾಗಂತೆ. ಅಪರೂಪಕ್ಕೊಂದ್ಸಲ, ಎಲ್ರೂ ತಿರುಗಿ ನೋಡ್ತಾರಂತೆ! ಅಣ್ಣನೇ ಹೇಳಿದ್ದು."

ಹೇಳಿ ಅವಳೇ ಜೋರಾಗಿ ನಕ್ಕಳು. ಅವನು ತುಟಿಪಿಟಿಕ್ಕೆನ್ನಲಿಲ್ಲ.

ಆಸ್ಪತ್ರೆಯ ಕೊನೆಯ ಕೋಣೆಯಲ್ಲಿ ಅಣ್ಣ ಮಲಗಿದ್ದ. ಬಿಳಿಯ ಹೊದಿಕೆಯನ್ನು ಮುಖದ ಮೇಲೂ ಎಳೆದಿದ್ದರು.

ಅವಳು ಅಳಲಿಲ್ಲ. ತಿರುಗಿ ಅವನನ್ನೇ ನೋಡಿದಳು.

"ನಿಮಗೆ ಗೊತ್ತಿತ್ತಾ?"

ಅವನು ತಲೆ ತಗ್ಗಿಸಿದ. "...ಗೊತ್ತಿತ್ತು."

"ನನ್ನ ಅಣ್ಣ ಇಲ್ಲಿ ಹೀಗೆ ಮಲಗಿದ್ದಾಗ ನಾನು ದಾರಿಯುದ್ದಕ್ಕೂ ನಗ್ತಾ ಬಂದೆ... ನೀವು ನಗೋಕೆ ಬಿಟ್ರಿ! ಇನ್ನು ನಮ್ಮ ಮನೆ ಬಾಗಿಲಿಗೆ ಬರಬೇಡಿ."

ಅವನು ಕನ್ನಡಕವನ್ನು ಅವಳ ಕೈಗಿಟ್ಟು ಹೊರಟುಹೋದ.

ಬಾಳಿ ಬದುಕಬೇಕಾದವರನ್ನು ದೇವರು ಏಕೆ ಬೇಗ ಕರೆದುಕೊಳ್ಳುತ್ತಾನೆ? ಕೇಳುವುದಕ್ಕೆ ನಾವು ಯಾರು? ಆದರೂ ಕೇಳುತ್ತೇವೆ. ಉತ್ತರ ಬರುವುದಿಲ್ಲ. ಬೆಳಗಾಗುತ್ತದೆ, ಒಲೆ ಹಚ್ಚಬೇಕಾಗುತ್ತದೆ.

ಆ ಮನೆಯಲ್ಲಿ ಒಲೆ ಹಚ್ಚುವಂತೆ ಮಾಡಿದ್ದು ಒಂದು ಬೆಕ್ಕು.

ಬೂದು ಬಣ್ಣದ ಗಂಡು ಬೆಕ್ಕು. ಅಂಗಡಿಯ ಮೇಜಿನ ಮೇಲೆ ಕುಳಿತು ಅಣ್ಣನ ಕೆಲಸವನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದುದರಿಂದ ಅದಕ್ಕೆ 'ಮೇಸ್ತ್ರಿ' ಎಂದು ಹೆಸರಾಗಿತ್ತು. ಮನೆಗೂ ಅಂಗಡಿಗೂ ತನ್ನಿಷ್ಟಕ್ಕೆ ಅಲೆಯುವ ಪ್ರಾಣಿ. ಎಲ್ಲಾದರೂ ಕಳೆದುಹೋದೀತೆಂದು ಅಣ್ಣ ಅದರ ಕೊರಳಪಟ್ಟಿಗೆ ಕೋಟಿನ ಗುಂಡಿಯಷ್ಟಿರುವ ಒಂದು ಟ್ರ್ಯಾಕರ್ ಹೊಲಿಸಿದ್ದ. ಹೊಲಿದವಳು ಅವಳೇ. ಫೋನಿನಲ್ಲಿ ಆ್ಯಪ್ ತೆರೆದರೆ ಊರಿನ ನಕ್ಷೆಯ ಮೇಲೆ ಒಂದು ಕಿತ್ತಳೆ ಚುಕ್ಕೆ ಕಾಣಿಸುತ್ತಿತ್ತು.

ಅಣ್ಣ ಹೋದ ಮೇಲೆ ಅಮ್ಮ ಆಡುತ್ತಿದ್ದ ಮಾತು ಒಂದೇ.

"ಮೇಸ್ತ್ರಿ ಉಂಡನೇನೇ?"

"ಉಂಡನಮ್ಮ."

"ಹಾಗಾದ್ರೆ ನನಗೂ ಸ್ವಲ್ಪ ಹಾಕು."

ಮಗ ಎತ್ತಿ ಮುದ್ದಾಡಿದ ಜೀವ ಉಂಡರೆ ತಾನೂ ಉಣ್ಣಬಹುದು. ಅಷ್ಟೇ ತಾಯಿಯ ಲೆಕ್ಕ.

ಹೀಗಿರುವಾಗ ಸೋದರಮಾವ ಅಂಗಡಿಗೆ ಹೋಗಿ ಅಣ್ಣನ ಅಂಗಿ, ಛತ್ರಿ ತಂದುಕೊಟ್ಟರು. ಅವಳಿಗೆ ಆ ಗಲ್ಲಿಗೆ ಕಾಲಿಡುವ ಧೈರ್ಯವಿರಲಿಲ್ಲ. ಅಂದು ರಾತ್ರಿ ಮೇಸ್ತ್ರಿ ಮನೆಗೆ ಬರಲಿಲ್ಲ. ಮಾರನೆಯ ದಿನವೂ ಇಲ್ಲ.

ಅಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ಅವಳು ಆ್ಯಪ್ ತೆರೆದಳು. ಹಗಲೆಲ್ಲ ಏನೂ ಇಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಚುಕ್ಕೆ ತಟ್ಟನೆ ಮೂಡಿತು, ಅಂಗಡಿಯ ಗಲ್ಲಿಯಲ್ಲಿ! ಸ್ವಲ್ಪ ಹೊತ್ತಿಗೆ ಮಂಕಾಯಿತು. ಬೆಳಿಗ್ಗೆ ಎದ್ದವಳೇ ಗಲ್ಲಿಯ ತಿರುವಿನವರೆಗೆ ಹೋದಳು. ಅಲ್ಲಿಂದ ಅಂಗಡಿಯ ಮುಚ್ಚಿದ ಷಟರ್ ಕಾಣಿಸಿತು. ಕಾಲು ಮುಂದೆ ಹೋಗಲಿಲ್ಲ. ಅಲ್ಲೇ ನಿಂತು "ಮೇಸ್ತ್ರೀ..." ಎಂದು ಕೂಗಿದಳು. ಪಕ್ಕದ ಮರದ ಕಾರ್ಖಾನೆಯ ಗರಗಸ ಅವಳ ಕೂಗನ್ನು ನುಂಗಿಬಿಟ್ಟಿತು.

ಮರುದಿನವೂ ಹಾಗೆಯೇ. ಅದರ ಮರುದಿನವೂ ಹಾಗೆಯೇ. ಸಂಜೆ ಬರುವ ಚುಕ್ಕೆ, ಬೆಳಿಗ್ಗೆ ಬರಿದಾದ ಗಲ್ಲಿ.

'ಹಗಲೆಲ್ಲ ಎಲ್ಲಿರ್ತೀಯೋ? ಸಂಜೆ ಮಾತ್ರ ಅಣ್ಣನನ್ನ ಹುಡುಕಿಕೊಂಡು ಬರ್ತೀಯಾ?' ಎಂದುಕೊಂಡು ಅವಳು ಒಂದು ಸಂಜೆ ಗಟ್ಟಿ ಮನಸ್ಸು ಮಾಡಿ ಅದೇ ಹೊತ್ತಿಗೆ ಹೊರಟಳು. ದಾರಿಯಲ್ಲೇ ಚುಕ್ಕೆ ಬೆಳಗಿತು. ಗಲ್ಲಿಯ ತಿರುವಿಗೆ ಬರುವಷ್ಟರಲ್ಲಿ ಅಂಗಡಿಯ ಕಡೆಯಿಂದ ಒಂದು ಸ್ಕೂಟರ್ ಎದುರಿಗೆ ಬಂತು.

ಅವನೇ! ಹಿಂದೆ ಒಂದು ರಟ್ಟಿನ ಪೆಟ್ಟಿಗೆ ಬಿಗಿದಿದ್ದ.

ಅವಳು ಓಡಿ ಬಂದು ಅಡ್ಡ ನಿಂತಳು.

"ಪೆಟ್ಟಿಗೆ ಬಿಚ್ಚಿ."

"ಏನು?"

"ಬೆಕ್ಕು ಎಲ್ಲಿ? ದಿನಾ ಸಂಜೆ ಇಲ್ಲಿ ಚುಕ್ಕೆ ಕಾಣ್ಸುತ್ತೆ, ಆಮೇಲೆ ಇರಲ್ಲ. ಈಗ ನೋಡಿದ್ರೆ ನೀವು ಇಲ್ಲಿಂದ ಪೆಟ್ಟಿಗೆ ಹೊತ್ಕೊಂಡು ಹೊರಟಿದ್ದೀರಿ. ಬಿಚ್ಚಿ ಅಂದೆ!"

ಅವನು ಹಗ್ಗ ಬಿಚ್ಚಿದ. ಒಳಗೆ ಹಳೆಯ ಪತ್ರಿಕೆಗಳಲ್ಲಿ ಸುತ್ತಿದ ಗಾಜಿನ ಹಾಳೆಗಳಿದ್ದವು.

"ಮೇಸ್ತ್ರಿ ಕಾಣ್ತಿಲ್ವಾ?" ಅವನ ದನಿ ಒಡೆಯಿತು. "ಯಾವಾಗಿಂದ?"

"ಗೊತ್ತಿಲ್ಲದ ಹಾಗೆ ಕೇಳ್ತೀರಲ್ಲ! ಅಂಗಡಿ ಮುಚ್ಚಿದೆ. ಇಲ್ಲಿ ನಿಮಗೇನು ಕೆಲಸ?"

ಅವನು ತಲೆ ತಗ್ಗಿಸಿ ಮತ್ತೆ ಹಗ್ಗ ಬಿಗಿಯತೊಡಗಿದ.

"ಅವತ್ತೂ ಹೀಗೇ ಸುಮ್ಮನಿದ್ರಿ. ನಿಮ್ಮ ಮೌನ ನಂಬಿ ನಾನು ಒಂದ್ಸಲ ಕೆಟ್ಟೆ, ಸಾಕು."

ಮನೆಗೆ ಬಂದರೆ ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

"ಅವನೂ ಹೋದನೇನೇ? ಅವನಿಗೂ ನಾನು ಬೇಡವಾದೆನಾ?"

"ಇಲ್ಲಮ್ಮ... ನಾಳೆ ಕರ್ಕೊಂಡು ಬರ್ತೀನಿ."

"ನಿನ್ನಣ್ಣನ್ನೂ ಕರ್ಕೊಂಡು ಬರ್ತೀನಿ ಅಂತಾನೇ ಹೋದೆ."

ಆ ಮಾತು ಅವಳ ಎದೆಯಲ್ಲಿ ನಾಟಿತು. ಊಟ ಬಿಟ್ಟ ಅಮ್ಮನ ಕೈ ಹಿಡಿದರೆ ಒಣಗಿದ ಕಡ್ಡಿಯ ಹಾಗಿತ್ತು. 'ದೇವರೇ, ಒಬ್ಬನನ್ನು ಕೊಟ್ಟಿದ್ದೇವೆ. ಇನ್ನು ಅಮ್ಮನನ್ನೂ ಕೇಳಬೇಡ' ಎಂದು ಕಂಬಳಿಯೊಳಗೆ ಬಾಯಿ ಮುಚ್ಚಿಕೊಂಡು ಅತ್ತಳು.

ಮರುದಿನ ಅವಳು ಹೋದದ್ದು ಫೋನ್ ರಿಪೇರಿ ಮಾಡುವ ಗೆಳತಿಯ ಅಂಗಡಿಗೆ. ಗೆಳತಿ ಕಣ್ಣಿಗೆ ಕಟ್ಟಿದ ಭೂತಗನ್ನಡಿಯನ್ನು ಹಣೆಗೇರಿಸಿ ಆ್ಯಪ್ ನೋಡಿದಳು.

"ಇದು ಅಗ್ಗದ ಸಾಮಾನು ಕಣೇ. ಬೆಕ್ಕು ಎಲ್ಲಿದೆ ಅಂತ ಇದಕ್ಕೆ ತಾನಾಗಿ ಗೊತ್ತಾಗಲ್ಲ. ಜೋಡಿಸಿರೋ ಫೋನು ಹತ್ತಿರಕ್ಕೆ ಹೋದ್ರೆ ಮಾತ್ರ ಚುಕ್ಕೆ ಬೀಳುತ್ತೆ. ಒಂದು ಮನೆಯ ಅಂಗಳದಷ್ಟು ದೂರ, ಅಷ್ಟೇ."

"ನಾನು ಹತ್ತಿರ ಹೋಗೇ ಇಲ್ವಲ್ಲ! ತಿರುವಿನಲ್ಲೇ ನಿಂತಿದ್ದೆ."

"ನೀನಲ್ಲ. ಇದಕ್ಕೆ ಎರಡು ಫೋನ್ ಜೋಡಿಸಿದ್ದಾನೆ ನಿನ್ನಣ್ಣ. ಒಂದು ನಿಂದು. ಇನ್ನೊಂದಕ್ಕೆ 'ಗಾಜು' ಅಂತ ಹೆಸರಿಟ್ಟಿದ್ದಾನೆ. ಯಾರೇ ಅದು?"

ಅವಳಿಗೆ ಹೊಳೆಯಿತು. ಅಣ್ಣನದು ಆ್ಯಪ್ ಇಲ್ಲದ ಬರೀ ಗುಂಡಿಯ ಫೋನು. ಮನೆಯ ಕಡೆಗೆ ತಂಗಿ, ಅಂಗಡಿಯ ಕಡೆಗೆ ಗೆಳೆಯ ಎಂದು ಎರಡು ಕಾವಲು ಇಟ್ಟಿದ್ದ.

"ಹಾಗಾದ್ರೆ... ಸಂಜೆ ಹೊತ್ತು ಬಂದು ಹೋಗ್ತಾ ಇದ್ದದ್ದು ಬೆಕ್ಕಲ್ವಾ?"

"ಬೆಕ್ಕು ಕದಲೇ ಇಲ್ಲ ತಾಯೀ. ಅದು ಅಲ್ಲೇ ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಬಂದು ಹೋಗ್ತಾ ಇರೋದು ಮನುಷ್ಯ. ನೋಡು, ಈಗಲೂ ಚುಕ್ಕೆ ಇದೆ! ಅಂದ್ರೆ ಅವನು ಈಗಲೂ ಅಲ್ಲೇ ಇದ್ದಾನೆ."

ಅವಳು ಓಡಿದಳು. ದಾರಿಯಲ್ಲಿ ಸೋದರಮಾವನ ಮನೆಗೆ ನುಗ್ಗಿ ಕೇಳಿದಳು. "ಮಾವ, ಅಂಗಡಿಗೆ ಹೋದಾಗ ಬೆಕ್ಕು ಜೊತೆಗೆ ಬಂದಿತ್ತಾ?"

"ಬಂದಿತ್ತು ಅಂತ ಕಾಣುತ್ತೆ. ಕಾಲಿಗೆ ಸುತ್ತಿಕೊಳ್ತಿತ್ತು."

"ಬೀಗ ಹಾಕುವಾಗ ನೋಡಿದ್ರಾ?"

"ಬೀಗ ಹಾಕುವಾಗ ಹಾಜರಿ ತಗೋಬೇಕಿತ್ತಾ, ನಾನೇನು ಶಾಲೆ ಮೇಷ್ಟ್ರಾ...?" ಎಂದವರು ಅವಳ ಮುಖ ನೋಡಿ ಬಾಯಿ ಮೇಲೆ ಕೈಯಿಟ್ಟರು. "ಅಯ್ಯೋ ಪಾಪಿ ನಾನು!"

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರೆಂಬ ಮಾತು ಸುಳ್ಳಲ್ಲ. ಬೀಗದ ಕೈ ಕಸಿದುಕೊಂಡು ಅವಳು ಗಲ್ಲಿಯ ತಿರುವಿಗೆ ಬಂದಳು. ಈ ಸಲ ಕಾಲು ನಿಲ್ಲಲಿಲ್ಲ.

ಗಾಜಿನವನು ಮರದ ರಾಶಿಗಳ ನಡುವೆ ಮಂಡಿಯೂರಿದ್ದ. ತಲೆ, ಹುಬ್ಬು, ಅಂಗಿಯೆಲ್ಲ ಮರದ ಹುಡಿ. ಬೆಳಗಿನಿಂದ ಹುಡುಕುತ್ತಿದ್ದನೆಂದು ಕಾಣುತ್ತದೆ. ಕೂಗಿ ಕೂಗಿ ಗಂಟಲು ಕಟ್ಟಿತ್ತು.

"ಸಿಕ್ಕಿಲ್ಲ," ಎಂದ, ತಪ್ಪು ಮಾಡಿದವನ ಹಾಗೆ.

"ಗರಗಸ ನಿಲ್ಲಿಸೋಕೆ ಹೇಳಿ!"

ಅವನು ಓಡಿಹೋಗಿ ಹೇಳಿ ಬಂದ. ಗರಗಸ ನಿಂತಿತು. ಗಲ್ಲಿಯೆಲ್ಲ ನಿಶ್ಶಬ್ದವಾಯಿತು.

ಇಬ್ಬರೂ ಷಟರಿಗೆ ಕಿವಿಯಿಟ್ಟರು. ಏನೂ ಇಲ್ಲ... ಏನೂ ಇಲ್ಲ... ಆಮೇಲೆ, ಎಲ್ಲೋ ಮೇಲಿನಿಂದ, ದಾರ ಎಳೆದಷ್ಟು ತೆಳುವಾದ ಒಂದು ಕೂಗು.

ಅವಸರದಲ್ಲಿ ಬೀಗದ ಕೈ ಜಾರಿತು. ಅವನು ಹೆಕ್ಕಿಕೊಟ್ಟ. ಇಬ್ಬರೂ ಸೇರಿ ಷಟರ್ ಎತ್ತಿದರು.

ಅಂಟಿನ ವಾಸನೆ, ಮರದ ವಾಸನೆ, ಅಣ್ಣನ ವಾಸನೆ. ಮೇಜಿನ ಮೇಲೆ ಮೂರು ಬದಿ ಕೂಡಿಸಿ ಬಿಟ್ಟ ಚೌಕಟ್ಟು ಹಾಗೆಯೇ ಇತ್ತು. ಗಾಜು ಒರೆಸುವ ಬಕೆಟ್ಟಿನಲ್ಲಿ ನೀರು ತಳ ಮುಟ್ಟಿತ್ತು. ಆ ನೀರೇ ಪ್ರಾಣ ಉಳಿಸಿತ್ತು. ಮೇಲಿನ ಅಟ್ಟದಲ್ಲಿ, ಚೌಕಟ್ಟಿನ ಮರದ ಪಟ್ಟಿಗಳ ಹಿಂದೆ, ಎರಡು ಕಣ್ಣುಗಳು ಮಿನುಗಿದವು.

ಗಾಜಿನವನು ಏಣಿ ಹತ್ತಿ ಅದನ್ನು ಎದೆಗೊತ್ತಿಕೊಂಡು ಇಳಿದ. ಮೂಳೆ ಚಕ್ಕಳವಾಗಿದ್ದ ಮೇಸ್ತ್ರಿಯನ್ನು ಅವಳ ಸೆರಗಿನಲ್ಲಿಟ್ಟ. ಅದು ಒಂದು ಸಲ ಕಣ್ಣು ಕಿರಿದು ಮಾಡಿ ಅವಳನ್ನು ನೋಡಿ ಮುಖ ಹುದುಗಿಸಿತು.

ಆಗ ಅವಳು ಅತ್ತಳು. ಆಸ್ಪತ್ರೆಯಲ್ಲಿ ಅಳದಿದ್ದುದನ್ನೆಲ್ಲ ಅಲ್ಲಿ, ಅಣ್ಣನ ಮೇಜಿಗೆ ಒರಗಿ ಅತ್ತಳು. ಅವನು ಏಣಿಯನ್ನು ಗೋಡೆಗೆ ಒರಗಿಸಿಟ್ಟ.

"ಒಂದಿನ ಕೂಗು ಕೇಳಿಸ್ತು," ಎಂದ ಕೊನೆಗೆ. "ನನ್ನ ಮನಸ್ಸೇ ಕೂಗ್ತಿದೆ ಅಂದ್ಕೊಂಡೆ. ತಪ್ಪಾಯ್ತು."

"ದಿನಾ ಯಾಕೆ ಬರ್ತಿದ್ರಿ ಇಲ್ಲಿಗೆ?"

"ನಿಮ್ಮನೆಗೆ ಬರೋ ಹಾಗಿರಲಿಲ್ಲ. ಅವರ ಹತ್ತಿರ ಮಾತಾಡೋಕೆ ಬೇರೆ ಜಾಗ ಎಲ್ಲಿದೆ? ಈ ಮೆಟ್ಟಿಲ ಮೇಲೆ ಕೂತ್ಕೊಂಡು ದೇವರ ಹೆಸರು ಹೇಳಿ, ಅವರನ್ನ ಚೆನ್ನಾಗಿ ನೋಡ್ಕೊಳಪ್ಪಾ ಅಂತ ಕೇಳಿ ಹೋಗ್ತಿದ್ದೆ."

ಅವಳು ಕಣ್ಣೊರೆಸಿಕೊಂಡಳು. ಕೇಳದೆ ಇರಲಾಗಲಿಲ್ಲ.

"ಅವತ್ತು ಯಾಕೆ ಹೇಳಲಿಲ್ಲ?"

ಅವನು ಕೈಗೆ ಅಂಟಿದ ಹುಡಿಯನ್ನು ಉಜ್ಜಿಕೊಂಡ.

"ಅಣ್ಣ ದಿನಾ ನಿಮ್ಮ ಮಾತೇ ಆಡ್ತಿದ್ರು. ಸೂಜಿ ಹೀಗಂದಳು, ಸೂಜಿ ಹಾಗೆ ಬೈದಳು ಅಂತ. ಒಂದಿನ ಮನೆಗೆ ಕರ್ಕೊಂಡು ಹೋಗ್ತೀನಿ ಕಣೋ ಅಂದಿದ್ರು. ಆ ದಿನಕ್ಕೆ ಅಂತ ನಾನು... ಏನು ಮಾತಾಡ್ಬೇಕು ಅಂತೆಲ್ಲ ಯೋಚಿಸಿಟ್ಟಿದ್ದೆ. ಕೊನೆಗೆ ಬಂದದ್ದು ಆ ಸುದ್ದಿ ಹೊತ್ತು. ನಾನು ಹೇಳಿದ್ರೆ, ಜೀವಮಾನವಿಡೀ ನನ್ನ ಮುಖ ನೋಡಿದಾಗಲೆಲ್ಲ ನಿಮಗೆ ಅದೇ ಮಾತು ನೆನಪಾಗುತ್ತೆ ಅಂತ ಹೆದರಿದೆ. ಡಾಕ್ಟರು ಹೇಳಲಿ ಅಂತ ಬಿಟ್ಟೆ. ಅದು ಸ್ವಾರ್ಥ. ಕ್ಷಮಿಸಿ ಅಂತ ಕೇಳೋಕೂ ಮುಖ ಇಲ್ಲ."

ಅವಳು ತಲೆಯೆತ್ತಿದಳು.

"ಜೀವಮಾನವಿಡೀ... ನಿಮ್ಮ ಮುಖ ನಾನ್ಯಾಕೆ ನೋಡ್ಬೇಕಿತ್ತು?"

ಹೊರಗೆ ಗರಗಸ ಇನ್ನೂ ಶುರುವಾಗಿರಲಿಲ್ಲ. ಅವನು ಒಳಗೊಳಗೇ ಕುಗ್ಗಿ, ಮರದ ಹುಡಿ ಮೆತ್ತಿದ ಕಿವಿಯವರೆಗೂ ಕೆಂಪಾದ.

ಅವಳಿಗೆ ಉತ್ತರ ಸಿಕ್ಕಿತು.

"ನನಗೆ ಸಿಟ್ಟು ಪೂರ್ತಿ ಇಳಿದಿಲ್ಲ," ಎಂದಳು ಮೆಲ್ಲಗೆ. "ಇಳಿಯೋಕೆ ಹೊತ್ತು ಬೇಕು. ಅಲ್ಲಿವರೆಗೂ ಕಾಯ್ತೀರಾ?"

"ಕಾಯೋದು ಬಿಟ್ಟು ನನಗೆ ಬೇರೇನೂ ಬರಲ್ಲ."

"ಇನ್ನು ಮೇಲೆ ಕೆಟ್ಟ ಸುದ್ದಿಯಿದ್ರೂ ನೀವೇ ಹೇಳ್ಬೇಕು. ಡಾಕ್ಟರಲ್ಲ, ಮಾವ ಅಲ್ಲ. ನೀವೇ."

"ನಾನೇ ಹೇಳ್ತೀನಿ."

ಮನೆಗೆ ಬಂದಾಗ ಅಮ್ಮ ಎದ್ದು ಕುಳಿತರು. ಮಡಿಲಿಗೆ ಮೇಸ್ತ್ರಿ ಬಂದಿತು. ಬೆರಳ ತುದಿಯಲ್ಲಿ ಹಾಲು ಅದ್ದಿ ಅದರ ಬಾಯಿಗಿಟ್ಟರು. ಒಂದು ಸಲ, ಎರಡು ಸಲ... ನಾಲಿಗೆ ಚಾಚಿ ನೆಕ್ಕಿತು. ಸೋದರಮಾವ ಮೂಲೆಯಲ್ಲಿ ನಿಂತು ಮೂಗೊರೆಸಿಕೊಳ್ಳುತ್ತಿದ್ದರು.

ಅಮ್ಮನ ಕಣ್ಣು ಬಾಗಿಲ ಕಡೆ ಹೋಯಿತು.

"ಯಾರಪ್ಪಾ ಅದು, ಹೊಸಿಲಾಚೆ?"

"ಗಾಜಿನವನು, ಅಮ್ಮ," ಎಂದಳು ಅವಳು.

"ನನ್ನ ಮಗನ ಗಾಜಿನವನಾ? ಅಲ್ಲೇ ಯಾಕೆ ನಿಂತೆ ಮಗಾ? ಬಾ."

ಅವನು ಅವಳ ಮುಖ ನೋಡಿದ. ಅವಳು ಬೇಡವೆಂದ ಬಾಗಿಲು ಅದು.

ಅವಳು ಸರಿದು ದಾರಿ ಬಿಟ್ಟಳು. "ಕೈಕಾಲು ತೊಳ್ಕೊಂಡು ಬನ್ನಿ. ಮರದ ದೆವ್ವದ ಹಾಗಿದ್ದೀರಿ."

"ಎಷ್ಟು ಹೊತ್ತು ಇರಲಿ?"

"ಅಮ್ಮ ಉಣ್ಣೋವರೆಗೂ. ಆಮೇಲೆ... ನೀವೂ ಉಣ್ಣೋವರೆಗೂ."

ಅಂದು ಅಮ್ಮ ಒಂದು ಹಿಡಿ ಉಂಡರು. ಉಂಡ ಮೇಲೆ ಮಗಳನ್ನೂ ಗಾಜಿನವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಬೆಕ್ಕಿನ ಬೆನ್ನ ಮೇಲೆಯೇ ತಮ್ಮ ಕೈಗಳನ್ನು ಜೋಡಿಸಿ ಕಣ್ಣು ಮುಚ್ಚಿದರು. ಮಗ ಹೋದ ಮೇಲೆ ಅವರು ದೇವರೊಡನೆ ಮಾತು ಬಿಟ್ಟಿದ್ದರು. ಈಗ ಆಡಿದರು.

"ದೇವರೇ, ಚಿಕ್ಕವನಿದ್ದಾಗ ಅವನಿಗೆ ಕತ್ತಲು ಅಂದ್ರೆ ಭಯ. ಯಾರಿಗೂ ಹೇಳ್ತಿರಲಿಲ್ಲ, ನನ್ನ ಬೆರಳು ಹಿಡ್ಕೊಂಡು ಮಲಗ್ತಿದ್ದ. ಅಲ್ಲಿ ನಾನಿಲ್ಲ. ನೀನು ಬೆರಳು ಕೊಡು. ನಮ್ಮ ಕಣ್ಣೀರು ಅವನ ದಾರಿಗೆ ಅಡ್ಡ ಬರದಿರಲಿ. ನನ್ನ ಕಂದನ ಆತ್ಮಕ್ಕೆ ಶಾಂತಿ ಕೊಡಪ್ಪಾ, ಶಾಂತಿ ಕೊಡು."